ನಲ್ಲಿಕಟ್ಟೆಯ ಬಾಣದ ಕಲ್ಲು

ಕೆಳಬೀದಿಯಲ್ಲಿ ಯಾರ ಮನೆಯ ಬಾಗಿಲಾದರೂ ತಾನಾಗಿ ತೆರೆದುಕೊಂಡರೆ, ಯಾರ ಮೇಜಿನ ಮೇಲಿಂದಾದರೂ ಪೆನ್ಸಿಲು ಉರುಳಿ ಕೆಳಗೆ ಬಿದ್ದರೆ, ಜನ ಹೇಳುತ್ತಿದ್ದ ಮಾತು ಒಂದೇ: "ಇದು ಪೈಪಕ್ಕ ಕಟ್ಟಿದ ಮನೆಯಲ್ಲ ಬಿಡಿ." ಇದು ಕಿವಿಗೆ ಬಿದ್ದಾಗ ಪೈಪಕ್ಕ ಕೇಳಿಸಲೇ ಇಲ್ಲವೆಂಬಂತೆ ಮುಖ ಗಂಟು ಹಾಕಿಕೊಂಡು ಮುಂದೆ ಹೋಗುತ್ತಿದ್ದಳು. ಮನೆಗೆ ಹೋದ ಮೇಲೆ ಮಾತ್ರ ಗಂಡನ ಮುಂದೆ ಅದನ್ನೇ ಎರಡು ಸಲ ಹೇಳುತ್ತಿದ್ದಳು. ಹೊಗಳಿಕೆ ಯಾರಿಗೆ ಬೇಡ ಹೇಳಿ.

ಆ ಹೆಸರು ಬಂದದ್ದು ಅವಳ ಹೆಗಲ ಮೇಲೆ ಸದಾ ಸುತ್ತಿಕೊಂಡಿರುತ್ತಿದ್ದ ಪೈಪಿನಿಂದ. ಐವತ್ತು ಅಡಿ ಉದ್ದ, ಕಿರುಬೆರಳಿನಷ್ಟು ದಪ್ಪ, ಒಳಗಿನ ನೀರು ಹೊರಗಿನಿಂದಲೇ ಕಾಣುವಂಥ ಪೈಪು. ಗಾರೆ ಕೆಲಸದವರು ಅದಕ್ಕೆ ಲೆವೆಲ್ ಪೈಪು ಅನ್ನುತ್ತಾರೆ. ಅದರಲ್ಲಿ ನೀರು ತುಂಬಿ ಒಂದು ತುದಿಯನ್ನು ಈ ಕೋಣೆಯ ಗೋಡೆಗೂ ಇನ್ನೊಂದು ತುದಿಯನ್ನು ಆಚೆ ಕೋಣೆಯ ಗೋಡೆಗೂ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ನಿಂತಲ್ಲಿ ಗುರುತು ಹಾಕಿಕೊಂಡರೆ ಮುಗಿಯಿತು. ವಿದ್ಯೆ ಇಷ್ಟೇ. ಆದರೆ ಪೈಪಿನೊಳಗೆ ಸಾಸಿವೆಯಷ್ಟು ಗಾಳಿಗುಳ್ಳೆ ಉಳಿದರೂ ಅಳತೆ ಕೆಡುತ್ತದೆ. ಆ ಗುಳ್ಳೆಯನ್ನು ಬೆರಳಲ್ಲಿ ತಟ್ಟಿ ತಟ್ಟಿ ಹೊರಗೆ ಓಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಅವಳಿಗೆ ಅದು ಅಪ್ಪನಿಂದ ಬಂದದ್ದು. ಅಪ್ಪ ಗಾರೆ ಮೇಸ್ತ್ರಿ. ಪೈಪಿನ ಇನ್ನೊಂದು ತುದಿ ಹಿಡಿಯಲು ಅವನಿಗೆ ಗಂಡುಮಕ್ಕಳಿರಲಿಲ್ಲ. ಇದ್ದ ಒಬ್ಬಳೇ ಮಗಳು ಹತ್ತನೇ ವಯಸ್ಸಿಗೇ ತುದಿ ಹಿಡಿದು ನಿಂತಳು. "ನೀರಿಗೆ ಮುಖ ನೋಡಿ ಮಣೆ ಹಾಕೋದು ಗೊತ್ತಿಲ್ಲ ಮಗಳೇ. ಸಾಹುಕಾರನ ಗೋಡೆಗೂ ಅಷ್ಟೇ, ನಮ್ಮ ಗೋಡೆಗೂ ಅಷ್ಟೇ," ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಪೈಪೂ ಕರಣೆಯೂ ಅವಳ ಪಾಲಿಗೆ ಬಂದವು. ಅಪ್ಪನ ಪದವಿ ಮಾತ್ರ ಬರಲಿಲ್ಲ.

ಕೆಲಸದ ಜಾಗದಲ್ಲಿ ಹಾಜರಿ ಪುಸ್ತಕ ಅಂತ ಒಂದಿರುತ್ತದೆ. ಅದರಲ್ಲಿ ಮೇಸ್ತ್ರಿಗಳ ಪುಟ ಬೇರೆ, ಆಳುಗಳ ಪುಟ ಬೇರೆ. ಮೂವತ್ತೆಂಟು ವರ್ಷ ಪೈಪಕ್ಕ ಗೋಡೆ ಎಬ್ಬಿಸಿದಳು, ಮೆಟ್ಟಿಲು ಕಟ್ಟಿದಳು, ಕಮಾನು ತಿರುಗಿಸಿದಳು. ಅವಳ ಹೆಸರು ಮಾತ್ರ ಎರಡನೇ ಪುಟದಲ್ಲಿ, "ಹೆಣ್ಣಾಳು" ಎಂಬ ಮಾತಿನ ಕೆಳಗೇ ಇತ್ತು. ಒಮ್ಮೆಯಂತೂ ಅವಳು ಕಟ್ಟಿದ ಮೂರಂತಸ್ತಿನ ಮನೆಗೆ ಗುತ್ತಿಗೆದಾರನ ಭಾವಮೈದ ಮೇಸ್ತ್ರಿಯೆಂದು ಸಹಿ ಹಾಕಿದ. ಅವನಿಗೆ ಕರಣೆಯ ಹಿಡಿ ಯಾವ ಕಡೆ ಎನ್ನುವುದೂ ಗೊತ್ತಿರಲಿಲ್ಲ. ಪೈಪಕ್ಕ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಆದರೆ ಆ ಪುಸ್ತಕ ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು, ನ್ಯಾಯವಾಗಿಯೇ ಉರಿಯುತ್ತಿತ್ತು.

ಗಂಡ ದರ್ಜಿ. ಅವನು ಮನುಷ್ಯರನ್ನು ಅಳೆಯುವವನು, ಇವಳು ಮನೆಗಳನ್ನು ಅಳೆಯುವವಳು. ಆದ್ದರಿಂದ ಮನೆಯಲ್ಲಿ ಅಳತೆಯ ಮೇಲೆ ಜಗಳವಿಲ್ಲದ ದಿನವಿರಲಿಲ್ಲ.

"ಒಂದಂಗುಲ ಹೆಚ್ಚಿಗೆ ಬಿಡಬೇಕು ಕಣೇ, ಮನುಷ್ಯ ನಾಳೆ ದಪ್ಪ ಆಗ್ತಾನೆ," ಎನ್ನುತ್ತಿದ್ದ ಅವನು.

"ಗೋಡೆ ದಪ್ಪ ಆಗಲ್ಲ ರೀ," ಎನ್ನುತ್ತಿದ್ದಳು ಇವಳು.

ಅವನ ಅಂಗಡಿ ಕೆಳಬೀದಿಯ ತುದಿಯಲ್ಲಿ, ಹಳೆಯ ಸೇತುವೆಗೆ ಹೋಗುವ ದಾರಿಯಲ್ಲಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಕಟ್ಟಿದವಳು ಯಾರೆಂದು ಹೇಳಬೇಕಾಗಿಲ್ಲ.

ಬೀದಿಗೆ ಹೊಸ ಕಾಂಕ್ರೀಟ್ ರಸ್ತೆ ಬರುತ್ತದೆ ಎನ್ನುವ ಸುದ್ದಿಯನ್ನು ವಾರ್ಡಿನ ಮೆಂಬರ್ರು ಮೂರು ಚುನಾವಣೆಗಳಿಂದ ಹೇಳುತ್ತ ಬಂದಿದ್ದರು. ನಾಲ್ಕನೆಯದು ಹತ್ತಿರ ಬಂದಾಗ ಅದು ನಿಜವಾಯಿತು. ಮೇಲ್ಬೀದಿಯಿಂದ ಕೆಳಬೀದಿ ಹಾದು ಸೇತುವೆಯವರೆಗೆ ರಸ್ತೆ, ಎರಡೂ ಬದಿಗೆ ಕಲ್ಲಿನ ಚರಂಡಿ. ಮೆಂಬರ್ರು ಮೊದಲು ಮಾಡಿಸಿದ್ದು ತಮ್ಮ ಹೆಸರಿನ ಕಲ್ಲನ್ನು. ನುಣುಪಾದ ಕಪ್ಪು ಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಅದನ್ನು ದರ್ಜಿಯ ಅಂಗಡಿಯ ಪಕ್ಕದ ಗೋಡೆಗೆ, ನೆಲದಿಂದ ಸ್ವಲ್ಪ ಮೇಲೆ ಕೂರಿಸಿದರು. ಅಲ್ಲಿ ನಿಂತ ಗಿರಾಕಿಗಳೆಲ್ಲ ಬೇಡವೆಂದರೂ ಮೆಂಬರ್ರ ಹೆಸರು ಓದಬೇಕಾಯಿತು.

ಕಲ್ಲು ಕೂರಿಸಿದ ದಿನ ಮೆಂಬರ್ರು ಪೈಪಕ್ಕನನ್ನು ಕರೆದರು.

"ಅಕ್ಕಾ, ಚರಂಡಿ ಕೆಲಸಕ್ಕೆ ವಾರ್ಡಿನವರೇ ಒಬ್ಬ ಮೇಸ್ತ್ರಿ ಇರಬೇಕು ಅಂತ ಪುರಸಭೆ ಕಚೇರಿ ನಿಯಮ. ನಿಮ್ಮ ಹೆಸರು ಕೊಟ್ಟಿದ್ದೀನಿ. ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಸಭೆ ಇದೆ, ಅಲ್ಲೇ ಪುಸ್ತಕಕ್ಕೆ ಸಹಿ."

"ಮೇಸ್ತ್ರಿ ಅಂತಾನೇ ಬರೀತಾರಾ?"

"ಇನ್ನೇನಂತ ಬರೀತಾರೆ?"

ಐವತ್ತೆಂಟನೇ ವಯಸ್ಸಿನಲ್ಲಿ ಪೈಪಕ್ಕ ಆವತ್ತು ಬೀದಿಯಲ್ಲಿ ಹಾರಿಕೊಂಡೇ ಮನೆಗೆ ಬಂದಳು. ದರ್ಜಿ ಅವಳಿಗೆ ಹೊಸ ಅಂಗಿ ಹೊಲಿಯಲು ಬಟ್ಟೆ ತೆಗೆದಿಟ್ಟ. ಅವಳ ಅಳತೆ ತೆಗೆಯಲು ಹೋಗಿ ಬೈಸಿಕೊಂಡ.

ಎರಡು ದಿನ ಕಳೆದವು. ರಸ್ತೆ ಎಷ್ಟು ಎತ್ತರಕ್ಕೆ ಬರುತ್ತದೆಂದು ಕಚೇರಿಯವರು ಬೀದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ಮೇಲ್ಬೀದಿಯವರಿಗೆ ಅದು ಗಮನಕ್ಕೇ ಬರಲಿಲ್ಲ. ಅಲ್ಲಿಯ ಮನೆಗಳಿಗೆಲ್ಲ ಐದಾರು ಮೆಟ್ಟಿಲಿನ ಜಗಲಿ ಇದೆ. ರಸ್ತೆ ಮೇಲೆ ಬಂದರೆ ಹತ್ತಿಳಿಯುವುದು ಇನ್ನೂ ಸುಲಭ ಎಂದುಕೊಂಡರು. ಕೆಳಬೀದಿಯಲ್ಲಿ ಗೆರೆ ನೋಡಿದವರ ಎದೆ ಒಡೆಯಿತು. ದರ್ಜಿಯ ಅಂಗಡಿಯ ಹೊಸ್ತಿಲಿಗಿಂತ ಒಂದಡಿ ಮೇಲೆ ಗೆರೆ. ಪಕ್ಕದ ಹದಿನಾಲ್ಕು ಮನೆಗಳದ್ದೂ ಅದೇ ಕಥೆ. ರಸ್ತೆ ಅಲ್ಲಿಗೆ ಬಂದರೆ ಮನೆಗಳು ಹೊಂಡದೊಳಗೆ. ಒಂದು ಮಳೆ ಬಂದರೆ ಸಾಕು, ಇಡೀ ಗುಡ್ಡದ ನೀರು ಹೊಸ್ತಿಲು ದಾಟಿ ಅಡುಗೆಮನೆಗೆ ಬರುತ್ತದೆ.

ಬೀದಿಯವರು ಹೋಗಿ ಕಚೇರಿಯ ಮುಂದೆ ನಿಂತರು. ಕಿರಿಯ ಇಂಜಿನಿಯರು ಒಳ್ಳೆಯವನೇ. ಮೂವತ್ತು ತುಂಬಿರದ, ಕನ್ನಡಕದ, ಮೈಯೆಲ್ಲ ನಾಚಿಕೆಯ ಯುವಕ. ಬಂದು ಮತ್ತೆ ಅಳೆದ. ಅಳೆದು ಕಚೇರಿಗೆ ವರದಿ ಕೊಟ್ಟ. ನಕ್ಷೆಯಲ್ಲಿ ತಪ್ಪಿಲ್ಲ, ನಕ್ಷೆಯ ಪ್ರಕಾರ ಈ ಹೊಸ್ತಿಲುಗಳು ರಸ್ತೆಗಿಂತ ಒಂಬತ್ತು ಅಂಗುಲ ಮೇಲಿರಬೇಕಿತ್ತು, ಈಗ ಒಂದಡಿ ಕೆಳಗಿವೆ, ಆದ್ದರಿಂದ ಕೆಳಬೀದಿಯ ನೆಲವೇ ಕುಸಿದಿದೆ. ಕುಸಿದ ನೆಲದ ಮೇಲಿನ ಮನೆ ಅಪಾಯ. ಮೂರನೇ ದಿನ ಹದಿನೈದು ಬಾಗಿಲುಗಳಿಗೂ ನೋಟಿಸು ಬಂತು. ಮನೆ ತೆರವು ಮಾಡಲು ಯಾಕೆ ಹೇಳಬಾರದು ಎಂದು ಶನಿವಾರದ ಸಭೆಯಲ್ಲಿ ಬಂದು ಕಾರಣ ಕೊಡಿ ಎಂದಿತ್ತು. ಗಾಯದ ಮೇಲೆ ಬರೆ ಅನ್ನುವುದು ಇದಕ್ಕೇ.

ನೋಟಿಸು ಓದಿದ ಪೈಪಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳು ಕಟ್ಟಿದ ಮನೆ ಕುಸಿಯಿತಂತೆ! ಕಿರಿಯ ಇಂಜಿನಿಯರನ್ನು ಕೈಹಿಡಿದು ಎಳೆದುಕೊಂಡು ಬಂದು ಅಂಗಡಿಯ ಗೋಡೆಯ ಮುಂದೆ ನಿಲ್ಲಿಸಿದಳು.

"ಎಷ್ಟು ಕುಸಿದಿದೆ ಅಂದ್ರಿ?"

"ಸುಮಾರು ಇಪ್ಪತ್ತೊಂದು ಅಂಗುಲ ಅಮ್ಮ. ಒಂಬತ್ತು ಮತ್ತು ಹನ್ನೆರಡು."

"ಒಂದು ಬಿರುಕು ತೋರ್ಸಿ ನೋಡೋಣ. ಬಾಗಿಲು ಬಿಗಿ ಹಿಡಿದಿದ್ಯಾ? ಕಿಟಕಿ ಓರೆಯಾಗಿದ್ಯಾ? ಹದಿನೈದು ಮನೆ ಸೇರ್ಕೊಂಡು, ಒಂದು ಬಿರುಕಿಲ್ದೆ, ಸಮವಾಗಿ ಇಪ್ಪತ್ತೊಂದು ಅಂಗುಲ ಕೆಳಗಿಳಿಯೋಕೆ ಇದೇನು ಲಿಫ್ಟಾ ಇಂಜಿನಿಯರಪ್ಪಾ?"

ಹುಡುಗ ಗೋಡೆ ಸವರಿ ನೋಡಿದ. ಬಿರುಕಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

"ಅದೇ ನನಗೂ ಅರ್ಥ ಆಗ್ತಿಲ್ಲ," ಎಂದ ಮೆಲ್ಲಗೆ.

"ನೀವು ಅಳೆಯೋಕೆ ಶುರು ಮಾಡಿದ್ದು ಎಲ್ಲಿಂದ?"

ಅವನು ಅವಳನ್ನು ಬೀದಿಯ ನಡುವಿನ ನಲ್ಲಿಕಟ್ಟೆಗೆ ಕರೆದುಕೊಂಡು ಹೋದ. ಹಿಂದೆ ಇಡೀ ಬೀದಿ ನೀರು ಹಿಡಿಯುತ್ತಿದ್ದ ಜಾಗ ಅದು. ನಾಲ್ಕು ಮೆಟ್ಟಿಲು, ಮೇಲೆ ನಲ್ಲಿ. ಮೇಲಿನ ಮೆಟ್ಟಿಲಿನ ನಟ್ಟನಡುವಿನ ಕಲ್ಲಿನ ಮುಖದಲ್ಲಿ ಒಂದು ಅಡ್ಡಗೆರೆ, ಅದರ ಕೆಳಗೆ ಗೆರೆಯನ್ನು ಮುಟ್ಟುವ ಒಂದು ಬಾಣ. ಆಳವಾಗಿ, ಅಂದವಾಗಿ ಕೊರೆದದ್ದು.

"ಇದು ಕಚೇರಿಯ ಎತ್ತರದ ಗುರುತು ಅಮ್ಮ. ತುಂಬ ಹಳೇದು. ಈ ಗೆರೆಯ ಎತ್ತರ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಟ್ಟಿರ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ನಕ್ಷೆ ಮಾಡಿದ್ದೂ ಇದ್ರಿಂದಾನೇ, ಈಗ ಕೆಂಪು ಗೆರೆ ಎಳೆದಿದ್ದೂ ಇದ್ರಿಂದಾನೇ. ಇದೊಂದು ಅಲುಗದೆ ಇದ್ರೆ ಎಲ್ಲ ಸರಿ."

ಪೈಪಕ್ಕ ಬಗ್ಗಿ ಬಾಣವನ್ನು ಬೆರಳಲ್ಲಿ ಮುಟ್ಟಿದಳು. ಆ ಕಲ್ಲನ್ನು ಅವಳು ಬಲ್ಲಳು. ಇಪ್ಪತ್ತೆರಡು ವರ್ಷದ ಹಿಂದೆ ನಲ್ಲಿಕಟ್ಟೆ ರಿಪೇರಿ ಮಾಡಿದ್ದು ಅವಳೇ. ಆವಾಗ ಆ ಕಲ್ಲು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿತ್ತು. ಜನ ಅದರ ಮೇಲೆ ಕಾಲು ತೊಳೆಯುತ್ತಿದ್ದರು, ಕೆಸರು ಕೆರೆಯುತ್ತಿದ್ದರು. ಬಾಣದ ಗುರುತು ನೋಡಿ ಪೈಪಕ್ಕ ಅದನ್ನು ಯಾವನೋ ಹಳೆಯ ಕಾಲದ ಕಲ್ಲುಕುಟಿಗನ ಸಹಿ ಎಂದುಕೊಂಡಿದ್ದಳು. ತನ್ನಂತೆಯೇ ಯಾವ ಪುಸ್ತಕದಲ್ಲೂ ಹೆಸರು ಬರೆಸಿಕೊಳ್ಳದವನು, ಪಾಪ, ಕಲ್ಲಿನಲ್ಲಾದರೂ ಕೊರೆದು ಹೋಗಿದ್ದಾನೆ, ಅದನ್ನು ಜನ ತುಳಿಯಬಾರದು ಎನ್ನಿಸಿತ್ತು. ಜೋಪಾನವಾಗಿ ಎಬ್ಬಿಸಿ, ತೊಳೆದು, ಮೇಲಿನ ಮೆಟ್ಟಿಲಿಗೆ ತಂದು ಕೂರಿಸಿದ್ದಳು. ಬೇರೆ ಯಾರೇ ಆಗಿದ್ದರೂ ಹಳೆಯ ಕಲ್ಲು ಇದ್ದಲ್ಲೇ ಇರಲಿ ಎಂದು ಗಾರೆ ಮೆತ್ತಿ ಹೋಗುತ್ತಿದ್ದರು. ಕಸುಬಿನ ಮೇಲಿನ ಗೌರವವೇ ಅವಳ ಕೈ ಕೆಡಿಸಿತ್ತು.

ಒಂದೊಂದು ಮೆಟ್ಟಿಲೂ ಏಳು ಅಂಗುಲ. ಮೂರು ಮೆಟ್ಟಿಲು ಮೇಲೆ. ಮೂರೇಳು ಇಪ್ಪತ್ತೊಂದು. ಅವಳು ಬೆರಳು ಮಡಿಸಲೂ ಬೇಕಾಗಲಿಲ್ಲ. ನಕ್ಷೆ ಮಾಡುವಾಗ ಕಲ್ಲು ಕೆಳಗಿತ್ತು, ಗೆರೆ ಎಳೆಯುವಾಗ ಮೇಲಿತ್ತು. ನೆಲ ಕುಸಿದಿರಲಿಲ್ಲ. ಗೆರೆಯೇ ಮೇಲೆ ಹೋಗಿತ್ತು, ಮತ್ತು ಅದನ್ನು ಮೇಲಕ್ಕೆ ಹತ್ತಿಸಿದವಳು ಅವಳೇ.

ಹೇಳಬೇಕಿತ್ತು, ಅಲ್ಲೇ ಹೇಳಬೇಕಿತ್ತು. "ಸರಿ ಸಾರ್," ಎಂದಷ್ಟೇ ಹೇಳಿ ಮನೆಗೆ ಬಂದಳು.

ಎರಡು ದಿನ ಅವಳು ಗಂಡನೊಡನೆ ಅಳತೆಯ ಜಗಳಕ್ಕೂ ಹೋಗಲಿಲ್ಲ. ಹೊಸ ಅಂಗಿ ತೊಟ್ಟು ನೋಡಲು ಕರೆದರೆ ಬರಲಿಲ್ಲ. ಅವಳ ಜೊತೆ ಕೆಲಸಕ್ಕೆ ಬರುತ್ತಿದ್ದ ಸೊಸೆಗೆ ಅನುಮಾನ ಬಂತು. ಈಗ ಪೈಪಿನ ಇನ್ನೊಂದು ತುದಿ ಹಿಡಿಯುವವಳು ಅವಳೇ.

"ಅತ್ತೆ, ಪೈಪಲ್ಲಿ ಗುಳ್ಳೆ ಸಿಕ್ಕಿಹಾಕ್ಕೊಂಡ ಹಾಗೆ ಇದೀರಿ. ಏನದು ಹೇಳ್ಬಿಡಿ," ಎಂದಳು ಶುಕ್ರವಾರ ಮಧ್ಯಾಹ್ನ.

ಪೈಪಕ್ಕ ಅಂಗಡಿಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ.

"ಹೇಳಿದ್ರೆ ಮನೆಗಳು ಉಳೀತವೆ," ಎಂದಳು ಅವಳು. "ಆದ್ರೆ ಮೇಸ್ತ್ರಿ ಅಂತ ಯಾರು ಬರೀತಾರೆ ಇನ್ನು? ಎತ್ತರದ ಗುರುತನ್ನೇ ಎತ್ತಿ ಇಟ್ಟೋಳಿಗೆ? ಇಷ್ಟು ವರ್ಷ ಕಟ್ಟಿದ ಹೆಸರು ರೀ. ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

ದರ್ಜಿ ಸ್ವಲ್ಪ ಹೊತ್ತು ಕೈಯಲ್ಲಿದ್ದ ಟೇಪನ್ನು ಸುತ್ತಿದ, ಬಿಚ್ಚಿದ.

"ನಾನು ಬಟ್ಟೆ ತಪ್ಪಾಗಿ ಕತ್ತರಿಸಿದ್ರೆ ಏನ್ ಮಾಡ್ತೀನಿ? ಗಿರಾಕಿಗೆ ನೀನೇ ದಪ್ಪ ಆಗಿದ್ದೀಯ ಅಂತೀನಿ. ನಲವತ್ತು ವರ್ಷದಿಂದ ಅದನ್ನೇ ಮಾಡ್ಕೊಂಡ್ ಬಂದಿದ್ದೀನಿ," ಎಂದ. "ನಿಂಗೆ ಅದು ಬರಲ್ಲ ಕಣೇ. ಮುಚ್ಚಿಟ್ರೆ ನೀನು ಬದುಕಿರೋವರೆಗೂ ನಿದ್ದೆ ಮಾಡಲ್ಲ, ನನ್ನೂ ಮಾಡೋಕೆ ಬಿಡಲ್ಲ. ಹೇಳ್ಬಿಡು."

ಶನಿವಾರ ಬೆಳಿಗ್ಗೆ ಶಾಲೆಯ ದೊಡ್ಡ ಕೋಣೆ ತುಂಬಿ ತುಳುಕಿತ್ತು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ದೊಡ್ಡವರು ಕೂತಿದ್ದರು. ಮುಂದೆ ಮೇಜಿನ ಹಿಂದೆ ಕಚೇರಿಯ ಹಿರಿಯ ಇಂಜಿನಿಯರು, ಬಿಳಿ ಕೂದಲಿನ, ಮಾತು ಕಡಿಮೆಯ ಹೆಂಗಸು. ಪಕ್ಕದಲ್ಲಿ ಕಿರಿಯ ಇಂಜಿನಿಯರು, ರಸ್ತೆಯ ಗುತ್ತಿಗೆದಾರ, ಮೆಂಬರ್ರು. ಮೇಜಿನ ಮೇಲೆ ಹಾಜರಿ ಪುಸ್ತಕ. ಪೈಪಕ್ಕ ಅದನ್ನು ಮೊದಲು ನೋಡಿದಳು.

ಕೆಳಬೀದಿಯವರು ಮನೆ ಬಿಡೋದಿಲ್ಲ ಎಂದು ಕೂಗಿದರು. ಮೇಲ್ಬೀದಿಯವರು ರಸ್ತೆ ನಿಲ್ಲಿಸಬೇಡಿ ಎಂದು ಕೂಗಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೆಂಬರ್ರು ಎದ್ದು ನಿಂತು, ಇದೆಲ್ಲ ವಿರೋಧಿಗಳ ಪಿತೂರಿ, ಅಭಿವೃದ್ಧಿ ಅಂದ್ರೆ ಕೆಲವರಿಗೆ ಹೊಟ್ಟೆಕಿಚ್ಚು ಎಂದು ಭಾಷಣ ಶುರು ಮಾಡಿದರು. ಆ ಭಾಷಣದ ನಡುವೆ ಪೈಪಕ್ಕ ಎದ್ದಳು. ಹೊಸ ಅಂಗಿ ತೊಟ್ಟಿದ್ದಳು, ಹೆಗಲ ಮೇಲೆ ಪೈಪಿತ್ತು.

"ನೆಲ ಕುಸಿದಿಲ್ಲ," ಎಂದಳು. "ನಲ್ಲಿಕಟ್ಟೆಯ ಬಾಣದ ಕಲ್ಲು ಅದರ ಜಾಗದಲ್ಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕೆಳಗಿನ ಮೆಟ್ಟಿಲಿಂದ ಎತ್ತಿ ಮೇಲಿಟ್ಟೋಳು ನಾನೇ. ಅದು ಏನು ಅಂತ ಗೊತ್ತಿಲ್ದೆ ಮಾಡ್ದೆ. ತಪ್ಪು ನಂದು."

ಹಿಂದಿನಿಂದ ಯಾರೋ ನಕ್ಕರು. ಮೇಲ್ಬೀದಿಯ ಒಬ್ಬಾತ, "ಪೈಪಕ್ಕನ ಲೆವೆಲ್ಲೇ ತಪ್ಪು ಅಂತಾಯ್ತು!" ಎಂದ. ಅವಳ ಕಿವಿ ಬಿಸಿಯಾಯಿತು. ಆದರೆ ಕೂರಲಿಲ್ಲ.

ಗುತ್ತಿಗೆದಾರ ಕೈ ಬೀಸಿದ. "ಮನೆ ಉಳಿಸ್ಕೊಳ್ಳೋಕೆ ಹೊಸ ಕಥೆ ಕಟ್ತಿದ್ದಾಳೆ. ಸೋಮವಾರ ಯಂತ್ರ ಬರುತ್ತೆ. ಆಳುಗಳ ಮಾತು ಕೇಳ್ಕೊಂಡು ಕೂತ್ರೆ ರಸ್ತೆ ಆಗುತ್ತಾ?"

ಆಳು ಎಂಬ ಆ ಒಂದು ಮಾತಿಗೆ ಅವಳು ಬೆಂಚುಗಳನ್ನು ದಾಟಿ ಮೇಜಿನ ಮುಂದೆ ಬಂದು ನಿಂತಳು.

"ಸಾಕ್ಷಿ ಇದೆಯಾ?" ಎಂದು ಹಿರಿಯ ಇಂಜಿನಿಯರು ಕೇಳಿದರು.

"ನೀರಿದೆ," ಎಂದಳು ಪೈಪಕ್ಕ. "ಇಂಥ ಗುರುತು ಇನ್ನೊಂದು ಎಲ್ಲಾದ್ರೂ ಇದ್ರೆ ಹೇಳಿ. ಅಲ್ಲಿಂದ ನಲ್ಲಿಕಟ್ಟೆಗೆ ಅಳ್ಕೊಂಡ್ ಬರ್ತೀನಿ. ನೀವೂ ನಿಮ್ಮ ಯಂತ್ರದಲ್ಲಿ ಅಳೀರಿ. ಇಬ್ಬರದ್ದೂ ನೋಡೋಣ."

ಕಿರಿಯ ಇಂಜಿನಿಯರು ಅವಸರವಾಗಿ ಎತ್ತರದ ಗುರುತುಗಳ ಪುಸ್ತಕದ ಹಾಳೆ ಮಗುಚಿದ. ಹಳೆಯ ಸೇತುವೆಯ ಕಂಬದಲ್ಲಿ ಇನ್ನೊಂದು ಬಾಣವಿತ್ತು. ನಲ್ಲಿಕಟ್ಟೆ ಕೈಗೆ ಹತ್ತಿರವಿದ್ದಾಗ ಅಷ್ಟು ದೂರ ಹೋದವರೇ ಇರಲಿಲ್ಲ. ಹಿರಿಯ ಇಂಜಿನಿಯರು ಕುರ್ಚಿ ಹಿಂದೆ ಸರಿಸಿ ಎದ್ದರು. "ನಡೀರಿ," ಎಂದರು.

ಆವತ್ತು ಬೀದಿ ಕಂಡ ಮೆರವಣಿಗೆಯಂಥದ್ದನ್ನು ಯಾವ ಚುನಾವಣೆಯೂ ತಂದಿರಲಿಲ್ಲ. ಸೇತುವೆಯ ಕಂಬದ ಹತ್ತಿರ ಪೈಪಕ್ಕ ಪೈಪಿಗೆ ನೀರು ತುಂಬಿದಳು. ಬೆರಳಲ್ಲಿ ತಟ್ಟುತ್ತ ಉದ್ದಕ್ಕೂ ನಡೆದು ಒಂದೊಂದೇ ಗುಳ್ಳೆಯನ್ನು ಹೊರಗಟ್ಟಿದಳು. ಗುತ್ತಿಗೆದಾರ ಗಡಿಯಾರ ನೋಡಿದ. ಅವಳು ಇನ್ನೊಂದು ಸಲ ತಟ್ಟಿದಳು. ಎತ್ತರ ಓದಲು ಒಂದು ಅಳತೆಕೋಲು ಬೇಕಿತ್ತು. ದರ್ಜಿ ಓಡಿಹೋಗಿ ಒಂದು ಮರದ ಪಟ್ಟಿಗೆ ತನ್ನ ಹೊಸ ಟೇಪನ್ನೇ ಮೊಳೆ ಹೊಡೆದು ತಂದ. ಅದು ಅವನು ಮಕ್ಕಳಿಗೂ ಮುಟ್ಟಗೊಡದ ಟೇಪು.

ಸೊಸೆ ಒಂದು ತುದಿ, ಅತ್ತೆ ಒಂದು ತುದಿ. ಕಂಬದ ಗುರುತಿಗೆ ನೀರು ಸೇರಿಸಿದರು, ಐವತ್ತು ಅಡಿ ಮುಂದೆ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದರು, ಏರು ಬಂದಲ್ಲಿ ಕೋಲಿನಲ್ಲಿ ಎತ್ತರ ಓದಿದರು, ಮತ್ತೆ ಮುಂದೆ ಹೋದರು. ಹೀಗೆ ಮೂವತ್ತು ಸಲ. ಪಕ್ಕದಲ್ಲೇ ಕಿರಿಯ ಇಂಜಿನಿಯರು ಮೂರು ಕಾಲಿನ ಯಂತ್ರ ಹೂಡುತ್ತ, ಕಣ್ಣಿಟ್ಟು ನೋಡುತ್ತ, ಬರೆದುಕೊಳ್ಳುತ್ತ ಬಂದ. ಬೆಳಿಗ್ಗೆ ಕೂಗಾಡಿದವರೆಲ್ಲ ಈಗ ಪೈಪು ತುಳಿಯದಂತೆ ಒಬ್ಬರನ್ನೊಬ್ಬರು ತಡೆಯುತ್ತಿದ್ದರು. ನಕ್ಕಿದ್ದ ಮೇಲ್ಬೀದಿಯವನು ತಾನಾಗಿಯೇ ಸೀಮೆಸುಣ್ಣದ ಡಬ್ಬಿ ಹಿಡಿದುಕೊಂಡಿದ್ದ. ಪೈಪಕ್ಕ ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ನೀರಿನ ಮೇಲೆಯೇ ಇತ್ತು.

ದರ್ಜಿಯ ಅಂಗಡಿ ದಾಟುವಾಗ ಮಾತ್ರ ಒಂದು ಕ್ಷಣ ನಿಂತಳು.

"ಮೆಂಬರ್ರೇ, ಸ್ವಲ್ಪ ಇಲ್ಲಿ ಬನ್ನಿ. ಈ ಕೆಂಪು ಗೆರೆ ನಿಮ್ಮ ಕಲ್ಲಿನ ಮೇಲೆ ಎಲ್ಲಿ ಹಾದು ಹೋಗಿದೆ ನೋಡಿ."

ಮೆಂಬರ್ರು ಬಗ್ಗಿ ನೋಡಿದರು. ಗೆರೆ ಸರಿಯಾಗಿ ಅವರ ಹೆಸರಿನ ಮೇಲೆಯೇ ಹಾದು ಹೋಗಿತ್ತು. ರಸ್ತೆ ಅಲ್ಲಿಯವರೆಗೆ ಬಂದರೆ ಮೇಲೆ ಕಾಣುವುದು ಕಚೇರಿಯ ಲಾಂಛನ ಮಾತ್ರ, ಹೆಸರು ಕಾಂಕ್ರೀಟಿನ ಒಳಗೆ. ಮೂರು ಚುನಾವಣೆ ಕಾದು ಕೆತ್ತಿಸಿದ ಹೆಸರು! ಅವರ ಮುಖದ ಬಣ್ಣ ಹೋಯಿತು.

"ನಾನು ಮೊದಲಿಂದಾನೂ ಹೇಳ್ತಾನೇ ಇದ್ದೆ, ಈ ಗೆರೆಯಲ್ಲಿ ಏನೋ ತಪ್ಪಿದೆ ಅಂತ," ಎಂದರು ಗಟ್ಟಿಯಾಗಿ. ರಾಜಕೀಯದವರ ಮಾತು ಮಗುಚಿ ಬೀಳುವುದಕ್ಕೆ ಎಷ್ಟು ಹೊತ್ತು ಬೇಕು. ಅಲ್ಲಿಂದ ಮುಂದೆ ಪೈಪಿನ ದಾರಿಯಲ್ಲಿ ನಿಂತವರನ್ನು ಸರಿಸುವ ಕೆಲಸ ಮೆಂಬರ್ರೇ ವಹಿಸಿಕೊಂಡರು.

ನಲ್ಲಿಕಟ್ಟೆ ಬಂತು. ಕೊನೆಯ ಗೀಟು ಬಿತ್ತು. ಹಿರಿಯ ಇಂಜಿನಿಯರು ಎರಡು ಚೀಟಿಗಳನ್ನೂ ಕೈಗೆ ತೆಗೆದುಕೊಂಡರು. ಮೊದಲು ಯಂತ್ರದ್ದನ್ನು ಓದಿದರು: ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಲ್ಲು ಇಪ್ಪತ್ತೊಂದೂಕಾಲು ಅಂಗುಲ ಮೇಲಿದೆ. ಆಮೇಲೆ ಪೈಪಿನದ್ದು, ಸೊಸೆ ಬರೆದುಕೊಂಡಿದ್ದು: ಇಪ್ಪತ್ತೊಂದು ಅಂಗುಲ ಎರಡು ನೂಲು. ನೂಲೆಂದರೆ ಗಾರೆಯವರ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. ಎರಡು ನೂಲೆಂದರೆ ಕಾಲು ಅಂಗುಲ. ಯಂತ್ರಕ್ಕೂ ಪೈಪಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಬೀದಿ ಹೋ ಎಂದಿತು. ಗುತ್ತಿಗೆದಾರ ಮಾತ್ರ ಬಿಡಲಿಲ್ಲ.

"ಒಂದು ನಿಮಿಷ! ಮೂರು ಮೆಟ್ಟಿಲು, ಮೂರೇಳು ಇಪ್ಪತ್ತೊಂದು. ಮೇಲಿನ ಕಾಲಂಗುಲ ಎಲ್ಲಿಂದ ಬಂತು? ಇವಳ ಕಥೆ ಸರಿ ಅಂದ್ರೆ ಲೆಕ್ಕ ಸರಿಯಾಗಿ ಕೂರ್ಬೇಕಲ್ಲ?"

ಎಲ್ಲರೂ ಪೈಪಕ್ಕನ ಕಡೆ ತಿರುಗಿದರು. ಅವಳು ಮೇಲಿನ ಮೆಟ್ಟಿಲ ಹತ್ತಿರ ಕೂತಳು. ಬಾಣದ ಕಲ್ಲಿನ ಅಂಚನ್ನು ಬೆರಳಲ್ಲಿ ಸವರಿದಳು. ಇಪ್ಪತ್ತೆರಡು ವರ್ಷದ ಹಿಂದಿನ ಆ ಮಧ್ಯಾಹ್ನ ಅವಳ ಕೈಗೆ ನೆನಪಿತ್ತು.

"ಇದರ ಕೆಳಗೆ ಎರಡು ನೂಲು ಗಾರೆ ಹೆಚ್ಚಿಗೆ ಹಾಸಿದ್ದೀನಿ," ಎಂದಳು. "ಹಳೇ ಕಲ್ಲು, ತಳ ಒರಟು. ಅಲ್ಲಾಡಬಾರದು ಅಂತ. ಬೇರೆ ಯಾವ ಕಲ್ಲಿಗೂ ಹಾಕಿಲ್ಲ, ಇದೊಂದಕ್ಕೇ. ಎಬ್ಬಿಸಿ ನೋಡಿ."

ಹಿರಿಯ ಇಂಜಿನಿಯರು ತಲೆಯಾಡಿಸಿದರು. "ನೀವೇ ಎಬ್ಬಿಸಿ."

ಪೈಪಕ್ಕ ಉಳಿ ಇಟ್ಟು ನಾಲ್ಕೂ ಬದಿ ಬಿಡಿಸಿದಳು. ಸೊಸೆ ಹಾರೆ ಕೊಟ್ಟಳು. ಕಲ್ಲು ನಿಧಾನವಾಗಿ ಮೇಲೆದ್ದಿತು. ಪಕ್ಕದ ಕಲ್ಲುಗಳ ಕೆಳಗಿನ ಗಾರೆಗಿಂತ ಇದರ ಕೆಳಗಿನದು ದಪ್ಪಗಿತ್ತು. ಕಿರಿಯ ಇಂಜಿನಿಯರು ಮಂಡಿಯೂರಿ ಕೂತು ಸಣ್ಣ ಪಟ್ಟಿ ಇಟ್ಟು ಅಳೆದ. ತಲೆಯೆತ್ತಿ ಜನರ ಕಡೆ ನೋಡಿದ. ಅವನ ಮುಖ ಅರಳಿತ್ತು.

"ಎರಡು ನೂಲು," ಎಂದ. ಅವನ ಜೀವಮಾನದಲ್ಲಿ ಆ ಅಳತೆಯ ಹೆಸರು ಹೇಳಿದ್ದು ಅದೇ ಮೊದಲು.

ಆಮೇಲೆ ಎದ್ದ ಗದ್ದಲವನ್ನು ನಾನು ಬರೆಯಲಾರೆ. ಹದಿನೈದು ಮನೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗುತ್ತಿಗೆದಾರ ಯಾರಿಗೂ ಕಾಣದಂತೆ ಕಾರು ಹತ್ತಿದ. ದರ್ಜಿ ಅಳುತ್ತಿದ್ದ, ಕೇಳಿದವರಿಗೆ ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿದ್ದಿದೆ ಎಂದ. ಪೈಪಕ್ಕ ಮಾತ್ರ ಕಲ್ಲನ್ನು ಬಿಟ್ಟು ಏಳಲಿಲ್ಲ. ಗಾರೆ ಕಲಸಿಸಿ, ಕೆಳಗಿನ ಮೆಟ್ಟಿಲಿನಲ್ಲಿ ತಾನೇ ಅಂದು ತುಂಬಿದ್ದ ಬೇರೆ ಬಣ್ಣದ ಕಲ್ಲನ್ನು ತೆಗೆದು, ಬಾಣದ ಕಲ್ಲನ್ನು ಅದರ ಹಳೆಯ ಗೂಡಿನಲ್ಲಿ ಕೂರಿಸಿದಳು. ಸೇತುವೆಯ ಗುರುತಿನಿಂದ ಬಂದ ಗೀಟಿಗೆ ಪೈಪು ಹಿಡಿದು ಮೂರು ಸಲ ಪರೀಕ್ಷೆ ಮಾಡಿದಳು. ನೀರು ಗೆರೆಗೆ ಬಂದು ತಾಗಿ ನಿಂತಿತು.

"ಸಾರಿ ಕಣಪ್ಪಾ," ಎಂದು ಕಲ್ಲಿಗೆ ಮೆಲ್ಲಗೆ ಹೇಳಿದಳು. ಅವಳ ಮನಸ್ಸಿನಲ್ಲಿ ಆ ಕಲ್ಲುಕುಟಿಗ ಇನ್ನೂ ಹೋಗಿರಲಿಲ್ಲ.

ಹಿರಿಯ ಇಂಜಿನಿಯರು ನಲ್ಲಿಕಟ್ಟೆಯ ಮೇಲೆಯೇ ಹಾಜರಿ ಪುಸ್ತಕ ಬಿಚ್ಚಿದರು. ಆಳುಗಳ ಪುಟ ದಾಟಿಸಿ ಮೊದಲ ಪುಟಕ್ಕೆ ಬಂದರು.

"ತಪ್ಪು ಮಾಡಿದ್ದೀನಲ್ಲ ಮೇಡಂ," ಎಂದಳು ಪೈಪಕ್ಕ.

"ನಮ್ಮ ಕಚೇರಿಯಲ್ಲಿ ತಪ್ಪು ಮಾಡದವರು ಯಾರೂ ಇಲ್ಲ. ಅದು ಎಷ್ಟು ನೂಲು ಅಂತ ಹೇಳಬಲ್ಲವರೂ ಯಾರೂ ಇಲ್ಲ," ಎಂದರು ಅವರು. "ಇಲ್ಲಿ ಸಹಿ ಹಾಕಿ."

ಮೇಲೆ "ಮೇಸ್ತ್ರಿ" ಎಂದು ಅಚ್ಚಾಗಿತ್ತು. ಪೈಪಕ್ಕ ಗಾರೆಯ ಕೈಯನ್ನು ಹೊಸ ಅಂಗಿಗೇ ಒರೆಸಿಕೊಂಡು ಸಹಿ ಹಾಕಿದಳು. ದರ್ಜಿ ಅಂಗಿಯ ಗತಿ ನೋಡಿ ಏನೋ ಹೇಳಲು ಬಾಯಿ ತೆರೆದವನು, ಮರದ ಪಟ್ಟಿಯಿಂದ ಟೇಪಿನ ಮೊಳೆ ಕೀಳಲು ಕೂತ.

ಸೋಮವಾರದ ಹೊತ್ತಿಗೆ ಕೆಂಪು ಗೆರೆಗಳೆಲ್ಲ ಅಳಿಸಿ ಕೆಳಗಿಳಿದಿದ್ದವು, ನೋಟಿಸುಗಳು ವಾಪಸು ಹೋಗಿದ್ದವು. ನಾಲ್ಕು ತಿಂಗಳಲ್ಲಿ ರಸ್ತೆಯೂ ಆಯಿತು, ಚರಂಡಿಯೂ ಆಯಿತು. ಚರಂಡಿಯ ಒಂದೊಂದು ಕಲ್ಲಿಗೂ ಮೇಸ್ತ್ರಿ ಪೈಪು ಹಿಡಿದೇ ಒಪ್ಪಿಗೆ ಕೊಟ್ಟಳು. ಮೊದಲ ದೊಡ್ಡ ಮಳೆ ಬಂದ ಮಧ್ಯಾಹ್ನ ಕೆಳಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಗುಡ್ಡದ ನೀರು ಚರಂಡಿ ತುಂಬಿಕೊಂಡು ಹೊಸ್ತಿಲಿಗಿಂತ ಒಂಬತ್ತು ಅಂಗುಲ ಕೆಳಗೆ ಸೇತುವೆಯ ಕಡೆಗೆ ಓಡಿತು. ಮೆಂಬರ್ರ ಹೆಸರೂ ಸ್ವಚ್ಛವಾಗಿ ತೊಳೆದು ಹೊಳೆಯುತ್ತಿತ್ತು. ಆ ಚುನಾವಣೆ ಅವರು ಗೆದ್ದರು, ರಸ್ತೆಯ ತಪ್ಪು ಕಂಡುಹಿಡಿದದ್ದು ತಾವೇ ಎಂದು ಇವತ್ತಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಮಳೆ ನಿಂತ ಮೇಲೆ ಕಿರಿಯ ಇಂಜಿನಿಯರು ಎತ್ತರದ ಗುರುತುಗಳ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದ. ನಲ್ಲಿಕಟ್ಟೆಯ ಕಲ್ಲಿನ ಮುಂದೆ ಹೊಸದಾಗಿ ಬರೆದದ್ದನ್ನು ತೋರಿಸಿದ. ಸೊಸೆ ಗಟ್ಟಿಯಾಗಿ ಓದಿದಳು: "ಈ ಕಲ್ಲನ್ನು ಇಪ್ಪತ್ತೊಂದು ಅಂಗುಲ ಮೇಲಕ್ಕೆ ಸರಿಸಿದವರು, ಕೆಳಬೀದಿಯ ಮೇಸ್ತ್ರಿ. ಮೂಲ ಜಾಗಕ್ಕೆ ಮರಳಿ ಕೂರಿಸಿದವರು, ಅದೇ ಮೇಸ್ತ್ರಿ."

ಪೈಪಕ್ಕ ಇನ್ನೊಂದು ಸಲ ಓದಿಸಿದಳು. ಅವಳ ತಪ್ಪೂ ಅವಳ ಪದವಿಯೂ ಒಂದೇ ಸಾಲಿನಲ್ಲಿ, ಕಚೇರಿಯ ಮೊಹರಿನ ಕೆಳಗೆ ಇದ್ದವು. ಕಣ್ಣು ಒರೆಸಿಕೊಂಡು ಪುಸ್ತಕವನ್ನು ಹತ್ತಿರ ಎಳೆದುಕೊಂಡಳು, ಆಮೇಲೆ ಹುಬ್ಬು ಗಂಟಿಕ್ಕಿದಳು.

"ಎರಡು ನೂಲು ಬಿಟ್ಟಿದ್ದೀರಲ್ಲ ಇಂಜಿನಿಯರಪ್ಪಾ," ಎಂದಳು. "ಬರೀರಿ."